ಎಡಗೈ ಹುಡುಗನನ್ನು ಮೇಲಕ್ಕೆ ಕಳಿಸಿದ್ದು

ನಗುವುದಕ್ಕೆ ಅಂತ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಆದರೂ ನನ್ನ ಕೆಲಸದಲ್ಲಿ ವಾರಕ್ಕೊಂದಾದರೂ ಇಂಥದ್ದು ಆಗಿಯೇ ಆಗುತ್ತದೆ. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ, ಮದುವೆಯಾಗಿ ಟೆಕ್ಸಸ್‌ಗೆ ಬಂದ ನಾನು ಸೇರಿದ್ದು ಒಂದು ಬೇಸ್‌ಬಾಲ್ ತಂಡಕ್ಕೆ. ದೊಡ್ಡ ತಂಡ ಇರುವುದು ಡಲ್ಲಾಸ್ ಕಡೆ. ಅದರದೇ ಒಂದು ಮರಿ ತಂಡ ಆಸ್ಟಿನ್ ಹತ್ತಿರ, ಫ್ಲೂಗರ್‌ವಿಲ್‌ನ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಹುಡುಗರು ಮೊದಲು ಮರಿ ತಂಡದಲ್ಲಿ ಆಡಿ ಮಾಗಬೇಕು, ಆಮೇಲೆ ಮೇಲಿನ ಮೇಜರ್ ಲೀಗು. ಚೆಂಡು ಎಸೆಯುವ ಪಿಚರ್‌ಗಳಲ್ಲಿ ಯಾರನ್ನು ಯಾವಾಗ ಮೇಲಕ್ಕೆ ಕಳಿಸಬೇಕು ಅಂತ ಹೇಳುವ ನಾಲ್ಕೈದು ಜನರಲ್ಲಿ ನಾನೂ ಒಬ್ಬಳು.

ಬೇಗ ಕಳಿಸಿದರೆ ಹುಡುಗ ಮುರಿದುಹೋಗುತ್ತಾನೆ, ತಡ ಮಾಡಿದರೆ ಮುರುಟಿಹೋಗುತ್ತಾನೆ. ಹಿಂದಿನ ವರ್ಷ ನಾನು ‘ಸಿದ್ಧ’ ಅಂದಿದ್ದ ಒಬ್ಬ ಮೂರೇ ವಾರಕ್ಕೆ ತಲೆ ತಗ್ಗಿಸಿಕೊಂಡು ವಾಪಸ್ ಬಂದಿದ್ದ. ಅವನ ಮುಖ ನೋಡಲಾರದೆ ಎರಡು ದಿನ ನಾನು ಕ್ಯಾಂಟೀನಿಗೇ ಹೋಗಿರಲಿಲ್ಲ. ಹಾಗಾಗಿ ಈ ವರ್ಷದ ಎಡಗೈ ಹುಡುಗನ ವಿಷಯದಲ್ಲಿ ಒಂದಕ್ಕೆ ಹತ್ತು ಸಲ ಲೆಕ್ಕ ಹಾಕುತ್ತಿದ್ದೆ.

ವರಾನ್ವೇಷಣೆ

ಮೀಟಿಂಗಿಗೆ ಅಂತ ಡಲ್ಲಾಸ್‌ಗೆ ಹೋಗಿದ್ದಾಗ ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಾ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. “ಹುಡುಗ ತುಂಬಾ ಒಳ್ಳೆಯವನು ರೀ. ಇಪ್ಪತ್ತೆರಡು ವರ್ಷ, ಆರಡಿ ಮೂರಂಗುಲ, ಯಾವ ಚಟಾನೂ ಇಲ್ಲ. ಈಗಲೇ ಮುಂದುವರೀಬೇಕಾ, ಇನ್ನೊಂದು ತಿಂಗಳು ತಡೀಬೇಕಾ ಅಂತಲೇ ಗೊತ್ತಾಗ್ತಿಲ್ಲ.”

ಫೋನ್ ಇಟ್ಟ ಕೂಡಲೇ ಹಿಂದಿನಿಂದ ಒಬ್ಬ ಆಂಟಿ ತಳ್ಳುಗಾಡಿ ಸಮೇತ ಬಂದರು. “ತಡೀಬೇಡಮ್ಮಾ! ಒಳ್ಳೆ ಹುಡುಗರು ನಿಲ್ತಾರಾ? ನನ್ನ ತಮ್ಮನ ಮಗಳು ಡೆಂಟಿಸ್ಟು. ಫೋಟೊ ತೋರಿಸ್ಲಾ?”

“ಅಯ್ಯೋ ಆಂಟಿ, ಅವನು ಬೇಸ್‌ಬಾಲ್ ಹುಡುಗ. ಚೆಂಡು ಎಸೀತಾನೆ.”

“ಎಸೀಲಿ ಬಿಡು. ಗಂಡಸರಿಗೂ ಏನಾದ್ರೂ ಹವ್ಯಾಸ ಬೇಡ್ವಾ?”

“ಹವ್ಯಾಸ ಅಲ್ಲ, ಅದೇ ಕೆಲಸ. ಅದೂ ಎಡಗೈಯಲ್ಲಿ ಎಸೀತಾನೆ. ಎಡಗೈಯವರು ಸಿಗೋದೇ ಅಪರೂಪ, ನಮ್ಮ ಪಾಲಿಗೆ ಚಿನ್ನ,” ಅಂದೆ ಹೆಮ್ಮೆಯಿಂದ.

ಆಂಟಿ ಫೋನನ್ನು ಮೆಲ್ಲಗೆ ಬ್ಯಾಗಿನೊಳಗೆ ಇಟ್ಟುಕೊಂಡರು. “ಎಡಚನಾ? ತಾಳಿ ಕಟ್ಟೋ ಹೊತ್ತಿಗಾದ್ರೂ ಬಲಗೈ ಬರುತ್ತೇನಮ್ಮಾ?”

ನಲವತ್ತು ಪುಟ

ಹುಡುಗನಿಗೆ ಇದ್ದದ್ದು ಒಂದೇ ತೊಂದರೆ. ವೇಗದ ಚೆಂಡು ಎಸೆದರೆ ಬ್ಯಾಟು ಹಿಡಿದವನಿಗೆ ಕಣ್ಣಿಗೇ ಬೀಳುತ್ತಿರಲಿಲ್ಲ. ಆದರೆ ನಡುನಡುವೆ ಒಂದು ನಿಧಾನದ ಚೆಂಡೂ ಬೇಕು. ಕೈ ಅಷ್ಟೇ ಜೋರಾಗಿ ಬೀಸಬೇಕು, ಚೆಂಡು ಮಾತ್ರ ತಡವಾಗಿ ಬರಬೇಕು. ಬ್ಯಾಟು ಹಿಡಿದವನು ಮೊದಲೇ ಬೀಸಿ ಬೆಪ್ಪಾಗಬೇಕು. ನಮ್ಮ ಯಂತ್ರಗಳ ಪ್ರಕಾರ ಇವನ ನಿಧಾನದ ಚೆಂಡಿನಲ್ಲಿ ಒಂದು ಕುಂದೂ ಇರಲಿಲ್ಲ. ಆದರೂ ಎದುರಾಳಿಗಳು ಮನೆಯಿಂದ ಹೇಳಿಸಿಕೊಂಡು ಬಂದವರ ಹಾಗೆ ಕಾದು ನಿಂತು ಬಾರಿಸುತ್ತಿದ್ದರು.

ಹಗಲೆಲ್ಲ ಕೂತು ಒಂದು ವರದಿ ಮಾಡಿ ಮರಿ ತಂಡದ ಕೋಚ್‌ಗೆ ಕೊಟ್ಟೆ. ಅರವತ್ತು ದಾಟಿದ ಮನುಷ್ಯ, ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ.

“ಎಷ್ಟು ಪುಟ?”

“ನಲವತ್ತು.”

“ಕೊನೇ ಪುಟದಲ್ಲಿ ಏನಿದೆ?”

“ಯಾಕೆ ಹೀಗಾಗ್ತಿದೆ ಅಂತ ಗೊತ್ತಿಲ್ಲ, ಅಂತಿದೆ.”

ಕೋಚ್ ಸಿಪ್ಪೆ ಉಗಿದರು. “ನನಗೂ ಗೊತ್ತಿಲ್ಲ. ಆದರೆ ಅದನ್ನ ಹೇಳೋಕೆ ನನಗೆ ನಲವತ್ತು ಪುಟ ಬೇಕಾಗಲಿಲ್ಲ.”

ಪರೀಕ್ಷಾ ಹಾಲಿನ ಕಣ್ಣು

ಆಗ ನನ್ನ ಮಾವನವರು ಹುಬ್ಬಳ್ಳಿಯಿಂದ ಬಂದಿದ್ದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿ ರಿಟೈರ್ ಆದವರು. ನನ್ನ ಗಂಡ ಟೇಲರ್‌ನ ಚಿಪ್ ಫ್ಯಾಕ್ಟರಿಗೆ ಹೋದರೆ ಸಂಜೆಯವರೆಗೂ ಮನೆಯಲ್ಲಿ ಇವರೊಬ್ಬರೇ. “ಕುಂತ ಕುಂತ ಸೊಂಟ ಹಿಡದೈತಿ, ನಿನ್ನ ಆಫೀಸಾದ್ರೂ ತೋರಿಸವಾ,” ಅಂದರು. ಒಂದು ಭಾನುವಾರ ಮಧ್ಯಾಹ್ನದ ಮ್ಯಾಚಿಗೆ ಕರೆದುಕೊಂಡು ಹೋದೆ. ಹುಡುಗನ ಮುಖಕ್ಕೆ ನೇರ ಎದುರಿನ ಸೀಟು ಸಿಕ್ಕಿತು.

ಅರ್ಧ ಗಂಟೆ ಸುಮ್ಮನೆ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ, “ಈಗ ಸಾವಕಾಶ ಬರತೈತಿ ನೋಡು,” ಅಂದರು.

ನಿಧಾನದ ಚೆಂಡೇ ಬಂತು. ಏನೋ ಕಾಗೆ ಕೂತು ಕೊಂಬೆ ಮುರಿಯಿತು ಅಂದುಕೊಂಡೆ. ಇನ್ನೊಮ್ಮೆ ಅಂದರು, ಇನ್ನೊಮ್ಮೆ ಬಂತು. ಐದಕ್ಕೆ ಐದೂ ಸರಿ. ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು.

“ಮಾವ, ಹೇಗೆ ಗೊತ್ತಾಗುತ್ತೆ ನಿಮಗೆ?”

“ಸಾವಕಾಶ ಒಗಿಯೋ ಮುಂದ ಕೆಳಗಿನ ತುಟಿ ಒಳಗ ಎಳಕೋತಾನ, ನೋಡು. ಮೂವತ್ತನಾಕು ವರ್ಷ ಪರೀಕ್ಷಾ ಹಾಲಿನ್ಯಾಗ ನಿಂತೇನಿ. ಚೀಟಿ ತಗಿಯೋ ಹುಡುಗ ಮೊದಲ ತುಟಿ ಕಚ್ಚತಾನ, ಆಮ್ಯಾಲೆ ಕಿಸೇದಾಗ ಕೈ ಹಾಕತಾನ.”

ನಮ್ಮ ಮೈದಾನದ ತುಂಬ ಕ್ಯಾಮೆರಾಗಳು. ಬೆರಳು ನೋಡುವುದಕ್ಕೊಂದು, ಮೊಣಕೈ ನೋಡುವುದಕ್ಕೊಂದು, ಚೆಂಡು ಎಷ್ಟು ಸುತ್ತು ತಿರುಗಿತು ಅಂತ ಎಣಿಸುವುದಕ್ಕೊಂದು. ತುಟಿ ನೋಡುವುದಕ್ಕೆ ಒಂದೂ ಇರಲಿಲ್ಲ.

ಮರುದಿನ ಟೀವಿಯವರ ವಿಡಿಯೋ ತರಿಸಿ ಕೋಚ್‌ಗೆ ತೋರಿಸಿದೆ. ಅವರ ಬಾಯಲ್ಲಿದ್ದ ಬೀಜವೆಲ್ಲ ಮೇಜಿನ ಮೇಲೆ ಉದುರಿತು. “ಯಾರು ಕಂಡುಹಿಡಿದದ್ದು?”

“ನಮ್ಮ ಮಾವ.”

“ಎಷ್ಟು ಕಾಲದಿಂದ ಬೇಸ್‌ಬಾಲ್‌ನಲ್ಲಿದ್ದಾರೆ?”

“ನಿನ್ನೆ ಮಧ್ಯಾಹ್ನದಿಂದ.”

ಚೂಯಿಂಗ್ ಗಮ್

ಹುಡುಗನಿಗೆ ಹೇಳಿದಾಗ ಅವನು ಪಾಪ, ಕನ್ನಡಿ ಮುಂದೆ ನಿಂತುಬಿಟ್ಟ. ತುಟಿ ಎಳೆದುಕೊಳ್ಳುವುದು ಅವನಿಗೇ ಗೊತ್ತಿರಲಿಲ್ಲ. ಕೋಚ್ ಒಂದು ಉಪಾಯ ಮಾಡಿದರು: ಬಾಯಿಗೆ ಚೂಯಿಂಗ್ ಗಮ್ ಹಾಕಿಸಿದರು. ಬಾಯಿ ಯಾವಾಗಲೂ ಆಡುತ್ತಿದ್ದರೆ ತುಟಿಯ ಗುಟ್ಟು ಯಾರಿಗೆ ತಿಳಿಯುತ್ತೆ?

ಮುಂದಿನ ಮ್ಯಾಚಿಗೆ ಮಾವನವರನ್ನು ಕೋಚೇ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಮಾವನವರು ಹತ್ತೇ ನಿಮಿಷಕ್ಕೆ ನನ್ನ ಕಡೆ ತಿರುಗಿದರು. “ನಿಮ್ಮ ಹುಡುಗ ಜಾಣ ಅದಾನ. ಈಗ ಸಾವಕಾಶ ಒಗಿಯೋ ಮುಂದ ಅಗಿಯೋದನ್ನ ನಿಲ್ಲಸತಾನ.”

ಕೊನೆಗೆ ಕೋಚ್, ಬಲಗೈಗೆ ಹಾಕಿಕೊಳ್ಳುವ ಕೈಗವಸನ್ನು ಮೂಗಿನ ತನಕ ಎತ್ತಿ ಬಾಯಿ ಮುಚ್ಚಿಕೊಂಡು ಎಸೆಯುವುದನ್ನು ಕಲಿಸಿದರು. ಮೂರು ವಾರ ದಿನಾ ಬೆಳಿಗ್ಗೆ ಅದೇ ಅಭ್ಯಾಸ. ಹುಡುಗ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಆಮೇಲಿನ ಮ್ಯಾಚಿನಲ್ಲಿ ಮಾವನವರು ಒಂಬತ್ತು ಸಲ ಊಹೆ ಮಾಡಿದರು. ಒಂಬತ್ತೂ ತಪ್ಪು. ಬ್ಯಾಟು ಹಿಡಿದವರು ಗಾಳಿಗೆ ಬೀಸಿ ಬೀಸಿ ಪೆವಿಲಿಯನ್ ಸೇರಿದರು.

ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಸೋತಿದ್ದರು, ಆದರೆ ಮುಖ ಅರಳಿತ್ತು. “ಇಂವ ಇನ್ನ ಕಾಪಿ ಹೊಡದ್ರೂ ನನಗ ಸಿಗೂದಿಲ್ಲ,” ಅಂದರು. “ಪಾಸ್ ಮಾಡ್ರಿ.”

ಚೆಂಡಿನ ಚೀಲ

ಡಲ್ಲಾಸ್‌ನವರ ಜೊತೆ ವಿಡಿಯೋ ಮೀಟಿಂಗ್. ಮೇಲಿನವರು ನೇರವಾಗಿ ಕೇಳಿದರು: “ಹೋದ ವರ್ಷವೂ ನೀವು ಸಿದ್ಧ ಅಂದಿದ್ದಿರಿ. ಈ ಸಲ?” ನಾನು ವರದಿ ಮುಚ್ಚಿಟ್ಟೆ. “ಈ ಸಲ ಲೆಕ್ಕವೂ ಹೇಳ್ತಿದೆ, ಕಣ್ಣೂ ಹೇಳ್ತಿದೆ. ಕಳಿಸಿ,” ಅಂದೆ. ಕೋಚ್ ಪಕ್ಕದಲ್ಲಿ ಕೂತು ಒಂದೇ ಮಾತು ಸೇರಿಸಿದರು: “ಹೌದು.”

ಹುಡುಗನಿಗೆ ಸುದ್ದಿ ಹೇಳುವ ಹಕ್ಕು ಕೋಚ್‌ದು. ಅದನ್ನು ಅವರು ಸಲೀಸಾಗಿ ಹೇಳುವವರಲ್ಲ. ಅವನನ್ನು ರೂಮಿಗೆ ಕರೆಸಿ, ಮುಖ ಬಿಗಿದುಕೊಂಡು, ಒಂದು ಚೀಲ ಮುಂದೆ ಇಟ್ಟರು.

“ಶುಕ್ರವಾರ ನಮ್ಮ ದೊಡ್ಡ ತಂಡಕ್ಕೆ ಹ್ಯೂಸ್ಟನ್‌ನಲ್ಲಿ ಮ್ಯಾಚಿದೆ. ಅವರಿಗೆ ಚೆಂಡು ಸಾಲದು. ನೀನು ಡ್ರೈವ್ ಮಾಡ್ಕೊಂಡು ಹೋಗಿ ತಲುಪಿಸಬೇಕು.”

“ಆಗಲಿ ಸರ್.” ಬೇರೆ ಯಾರಾದರೂ ಆಗಿದ್ದರೆ ಮುಖ ಸಪ್ಪಗಾಗುತ್ತಿತ್ತು. ಇವನು ಆಗಲೇ ಚೀಲ ಹೆಗಲಿಗೇರಿಸಿದ. “ಅಲ್ಲಿ ಯಾರ ಕೈಗೆ ಕೊಡಲಿ?”

“ಮೈದಾನದ ನಡುವೆ ಮಣ್ಣಿನ ದಿಬ್ಬ ಇರುತ್ತೆ. ಸಂಜೆ ಏಳಕ್ಕೆ ಅದರ ಮೇಲೆ ಹತ್ತಿ ನಿಂತ್ಕೊ. ಎದುರಿಗೆ ಒಬ್ಬ ಬ್ಯಾಟ್ ಹಿಡಿದು ನಿಂತಿರ್ತಾನೆ. ಒಂದೊಂದಾಗಿ ಅವನ ಕಡೆ ಎಸೆ.”

ನಾನು ಮೂಲೆಯಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದೆ. ಇನ್ನೇನು ಕೂಗುತ್ತಾನೆ, ಕುಣಿಯುತ್ತಾನೆ ಅಂತ. ಅವನು ಶ್ರದ್ಧೆಯಿಂದ ತಲೆಯಾಡಿಸಿ ಕೇಳಿದ: “ಸರಿ ಸರ್. ಖಾಲಿ ಚೀಲ ವಾಪಸ್ ತರಬೇಕಾ?”

ಕೋಚ್, “ಚೀಲಾನೂ ಬೇಡ, ನೀನೂ ವಾಪಸ್ ಬರಬೇಡವೋ ಮಾರಾಯ,” ಅಂತ ಎದ್ದು ಅವನನ್ನು ತಬ್ಬಿಕೊಂಡರು. ಆಗ ಅರ್ಥವಾಯಿತು ಅವನಿಗೆ. ಚೀಲ ಕೈಜಾರಿ, ಚೆಂಡುಗಳು ರೂಮಿನ ತುಂಬ ಉರುಳಿ, ಮೂವರೂ ಮಂಡಿಯೂರಿ ಆರಿಸುತ್ತಾ ಅಳುತ್ತಿದ್ದೆವೋ ನಗುತ್ತಿದ್ದೆವೋ ಈಗ ನೆನಪಿಲ್ಲ.

ಹ್ಯೂಸ್ಟನ್

ಶುಕ್ರವಾರ ನಾನು, ಗಂಡ, ಮಾವನವರು ಹ್ಯೂಸ್ಟನ್‌ಗೆ ಹೋದೆವು. ಮಾವನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡಿದ್ದರು. ಪಕ್ಕದ ಸೀಟಿನಲ್ಲಿ ದೊಡ್ಡ ಹ್ಯಾಟಿನ, ಬಿಸಿಲಿಗೆ ಕೆಂಪಾದ ಮುಖದ ಗಂಭೀರ ಮನುಷ್ಯರೊಬ್ಬರು ಒಬ್ಬರೇ ಕೂತಿದ್ದರು.

ಹುಡುಗ ದಿಬ್ಬ ಹತ್ತಿದ. ಮೊದಲನೆಯವನಿಗೆ ಎಸೆದ ನಾಲ್ಕೂ ಚೆಂಡು ದಾರಿ ತಪ್ಪಿದವು. ಹಾಗಾದರೆ ಎದುರಿನವನಿಗೆ ಪುಕ್ಕಟೆ ದಾರಿ; ಅವನು ಬ್ಯಾಟೇ ಬೀಸದೆ ಆರಾಮಾಗಿ ಮೊದಲ ಬೇಸಿಗೆ, ಅಂದರೆ ಓಟದ ಮೊದಲ ಗುರುತಿಗೆ ನಡೆದ. ಎರಡನೆಯವನು ಹೊಡೆದದ್ದು ಸೀದಾ ಗ್ಯಾಲರಿಗೆ. ಇಡೀ ಹ್ಯೂಸ್ಟನ್ ಎದ್ದು ನಿಂತು ಕುಣಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೊಬ್ಬ ಹುಡುಗನನ್ನು ಮುರಿದೆನಾ ದೇವರೇ!

“ಕಣ್ ತಗಿ,” ಅಂದರು ಮಾವನವರು. “ಮೊದಲನೇ ಪ್ರಶ್ನಿಗೆ ಎಲ್ಲಾರ ಕೈನೂ ನಡಗತಾವ.”

ತೆಗೆದೆ. ಹುಡುಗ ಒಂದು ಸಲ ಬೆನ್ನು ತಿರುಗಿಸಿ ಆಕಾಶ ನೋಡಿ, ಮತ್ತೆ ತಿರುಗಿ ನಿಂತ. ಆಮೇಲೆ ನೋಡಬೇಕಿತ್ತು! ಮೂರು, ಆರು, ಒಂಬತ್ತು ಜನ. ಬಂದವರು ಬಂದ ಹಾಗೇ ಹೋದರು. ಐದು ಸುತ್ತು ಮುಗಿಸಿ ಅವನು ದಿಬ್ಬ ಇಳಿದಾಗ ಎದುರು ತಂಡದ ಜನವೂ ಚಪ್ಪಾಳೆ ತಟ್ಟಿದರು. ನನ್ನ ಗಂಡ ನನ್ನ ಕೈ ಒತ್ತಿ ಹಿಡಿದರು.

ಪಕ್ಕದ ಹ್ಯಾಟಿನವರು ಆಗ ಮೊದಲ ಬಾರಿ ಬಾಯಿ ಬಿಟ್ಟರು. “ನೀವು ಯಾರನ್ನು ನೋಡೋಕೆ ಬಂದದ್ದು?”

ಮಾವನವರು ಎದೆ ಉಬ್ಬಿಸಿ, ತಮ್ಮ ಶಾಲೆಯ ಇಂಗ್ಲಿಷಿನಲ್ಲಿ, “ಆ ಎಡಗೈಯವನು. ನಮ್ಮ ಹುಡುಗ,” ಅಂದರು.

“ಹೌದಾ?” ಅಂದರು ಅವರು ಮೆಲ್ಲಗೆ. “ನಾನು ಅವನ ಅಪ್ಪ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಮಾವನವರು ಮಾತ್ರ ಒಂದಿಷ್ಟೂ ಅಳುಕಲಿಲ್ಲ. ಇಷ್ಟು ಹೊತ್ತು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಚೆಂಡಿಗೂ ಅಂಕ ಹಾಕುತ್ತಿದ್ದ ಕಾಗದ ಎತ್ತಿದರು. ಕೊನೆಗೆ ಕೂಡಿಸಿ, ನೂರಕ್ಕೆ ಎಪ್ಪತ್ತೆಂಟು ಅಂತ ಬರೆದು ಸುತ್ತು ಹಾಕಿದ್ದರು. ಕೆಳಗೆ ಒಂದು ಗೆರೆ ಎಳೆದು ಪೆನ್ನು ಮುಂದೆ ಚಾಚಿದರು. “ಫಸ್ಟ್ ಕ್ಲಾಸ್. ಪಾಲಕರು ಇಲ್ಲಿ ಸಹಿ ಮಾಡಬೇಕು.”

ಆ ಮನುಷ್ಯ ಕಾಗದವನ್ನು ಬಹಳ ಹೊತ್ತು ನೋಡಿದರು. ಹ್ಯಾಟು ತೆಗೆದು ಪಕ್ಕಕ್ಕಿಟ್ಟರು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒತ್ತಿ ಒತ್ತಿ ಸಹಿ ಮಾಡಿದರು. ಆಮೇಲೆ, ಮಗನ ಮೇಷ್ಟರ ಮುಂದೆ ನಿಂತವರ ಹಾಗೆ ತಗ್ಗಿದ ದನಿಯಲ್ಲಿ ಕೇಳಿದರು: “ಸರ್, ಉಳಿದ ಇಪ್ಪತ್ತೆರಡು?”

“ಮೊದಲನೇ ಟೆಸ್ಟಿಗೇ ನೂರಕ್ಕ ನೂರು ಕೊಟ್ರ ಹುಡುಗೂರು ಕೆಡತಾವು,” ಅಂದರು ಮಾವನವರು. ಇದನ್ನು ಇಂಗ್ಲಿಷಿಗೆ ಮಾಡಿ ಹೇಳಿದ್ದು ನಾನು.

ಅಪ್ಪ ತಲೆಯಾಡಿಸಿದರು. “ಇಪ್ಪತ್ತೆರಡು ವರ್ಷದಿಂದ ಅವರಮ್ಮನಿಗೆ ನಾನೂ ಇದನ್ನೇ ಹೇಳ್ತಾ ಬಂದಿದ್ದೀನಿ, ಸರ್!”