ಜಲಜಾಕ್ಷಿಗೆ ಪರ್ಮನೆಂಟ್ ಆಯಿತು

ಅಣ್ಣಾ ನಗರದ ಆ ವಠಾರದಲ್ಲಿ ಫೋನು ಇದ್ದದ್ದು ಮಹಡಿ ಮೇಲಿನ ವೆಂಕಟಲಕ್ಷ್ಮಿಯ ಮನೆಯಲ್ಲಿ ಮಾತ್ರ. ಅವಳ ಗಂಡ ಟೆಲಿಫೋನ್ ಇಲಾಖೆಯವನು. ಹಾಗಾಗಿ ಕೆಳಮನೆಯ ಕಮಲಾಕರನಿಗೆ ಚಿಕಾಗೋದಿಂದ ಟ್ರಂಕ್ ಕಾಲ್ ಬಂದಾಗ, ಪಕ್ಕದಲ್ಲೇ ಕಿವಿ ಇಟ್ಟು ನಿಂತಿದ್ದ ಅವಳಿಗೂ ಸುದ್ದಿ ತಲುಪಿತು.

"ಗ್ರೀನ್ ಕಾರ್ಡ್ ಸಿಕ್ತು, ರೀ! ಉಳಿದದ್ದು ಆಮೇಲೆ..." ಎಂದು ಅವನ ಹೆಂಡತಿ ಜಲಜಾಕ್ಷಿ ಕೂಗಿದ್ದೇ ತಡ, ಲೈನು ಕಟ್ಟಾಯಿತು.

ಜಲಜಾಕ್ಷಿ ನರ್ಸು. ಮೂರು ವರ್ಷದ ಹಿಂದೆ ಅಮೆರಿಕದ ಆಸ್ಪತ್ರೆಗೆ ಹೋದವಳು ಒಮ್ಮೆಯೂ ಬಂದಿರಲಿಲ್ಲ. ಕಮಲಾಕರ ಇನ್ಶೂರೆನ್ಸ್ ಆಫೀಸಿನಲ್ಲಿ ಹೆಡ್ ಕ್ಲರ್ಕ್. ಇಷ್ಟು ದಿನ 'ನರ್ಸಮ್ಮನ ಗಂಡ' ಎಂದು ಮುಸಿಮುಸಿ ನಗುತ್ತಿದ್ದ ವಠಾರಕ್ಕೆ ಅವನು ಒಮ್ಮೆಲೇ 'ಸಾರ್' ಆಗಿಬಿಟ್ಟ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ವೆಂಕಟಲಕ್ಷ್ಮಿ ಇಳಿದುಬಂದಳು.

"ಯಾವಾಗ ಹೊರಡ್ತೀರಿ ಸಾರ್?"

"ಅವಳಿನ್ನೂ ಏನೂ ಹೇಳಿಲ್ಲ..." ಎಂದ ಬಾಯಿತುಂಬ ಪೇಸ್ಟಿನ ಕಮಲಾಕರ.

"ಹೇಳೋದೇನು? ಅವರು ಅಲ್ಲಿ ಪರ್ಮನೆಂಟ್ ಅಂದ್ರೆ ನೀವೂ ಪರ್ಮನೆಂಟೇ. ನಿಮ್ಮ ಗ್ಯಾಸು ನಮಗೆ ಕೊಟ್ಬಿಡಿ ಸಾರ್. ಸೀಮೆಎಣ್ಣೆ ಹೊಗೇಲಿ ನನ್ನ ಕಣ್ಣೇ ಹೋಯ್ತು."

ಕಮಲಾಕರ ಉಗುಳಲು ತಲೆ ಬಗ್ಗಿಸಿದ. ಅದು ಒಪ್ಪಿಗೆ ಎಂದಾಯಿತು. ಅವಳ ಗಂಡನೂ ಮೈದುನನೂ ಸಿಲಿಂಡರನ್ನು ಉತ್ಸವಮೂರ್ತಿಯಂತೆ ಹೊತ್ತು ಮಹಡಿ ಹತ್ತಿದರು.

ಅದನ್ನು ಕಂಡ ಮಿಕ್ಕವರು ಮನೆಯಲ್ಲಿ ಕೂತಾರೆಯೇ? ಬೀರು ಒಬ್ಬರಿಗೆ, ಮಂಚ ಇನ್ನೊಬ್ಬರಿಗೆ. "ಬೆತ್ತದ ಕುರ್ಚಿ ಇಟ್ಕೊಂಡ್ರೆ ಅಮೆರಿಕದವರು ನಗ್ತಾರೆ ಸಾರ್" ಎಂದು ಕನಿಕರಪಟ್ಟು ಅದನ್ನೂ ಒಬ್ಬರು ಎತ್ತಿಕೊಂಡರು. ಕೊಡುವುದರಲ್ಲಿ ಎಂಥ ಗತ್ತಿದೆ ಎಂದು ಕಮಲಾಕರನಿಗೆ ಗೊತ್ತಾದದ್ದೇ ಅಂದು. "ತಗೊಳ್ಳಿ, ತಗೊಳ್ಳಿ" ಎಂದು, ಆಗಲೇ ವಿಮಾನದ ಮೆಟ್ಟಿಲ ಮೇಲೆ ನಿಂತವನಂತೆ ಕೈಬೀಸಿದ.

ಮಧ್ಯಾಹ್ನ ಆಫೀಸಿನ ಭೋಜರಾಜ ಬಂದ. ಹೆಡ್ ಕ್ಲರ್ಕ್ ಕುರ್ಚಿಯ ಸರದಿಯಲ್ಲಿ ಮುಂದಿನವನು ಅವನೇ.

"ರಾಜೀನಾಮೆ ಇವತ್ತೇ ಬರೆದುಬಿಡಿ ಮಾರಾಯ್ರೇ. ಮ್ಯಾನೇಜರ ಮನೆಗೆ ನಾನೇ ಮುಟ್ಟಿಸ್ತೇನೆ."

"ಸ್ವಲ್ಪ ಯೋಚನೆ ಮಾಡಿ..."

"ಅಮೆರಿಕಕ್ಕೆ ಹೋಗುವವರಿಗೆ ಎಂಥ ಯೋಚನೆ? ಅದು ನಮ್ಮಂಥವರಿಗೆ."

ಆ ಮಾತಿಗೆ ಕಮಲಾಕರ ಉಬ್ಬಿಹೋಗಿ ಸಹಿ ಹಾಕಿದ. ಶಾಯಿ ಆರುವ ಮೊದಲೇ ಭೋಜರಾಜ ಕಮಲಾಕರನದೇ ಸ್ಕೂಟರು ಹತ್ತಿ ಮ್ಯಾನೇಜರ ಮನೆಯಿದ್ದ ಕೀಲ್ಪಾಕ್ ಕಡೆ ಮಾಯವಾದ. ಸ್ಕೂಟರೂ ಅವನಿಗೇ ಎಂದು ಹೊರಡುವಾಗ ಅವನೇ ತೀರ್ಮಾನಿಸಿದ್ದ.

ಬಳಿಕ ಬಂದವರು ಮನೆ ಯಜಮಾನರಾದ ಮೊದಲಿಯಾರ್. "ಎನ್ನ ಸಾರ್, ವೀಡು ಕಾಲಿಯಾ?" ಎಂದು ಬಾಗಿಲಲ್ಲೇ ತಮಿಳಿನಲ್ಲಿ ಕೇಳಿದರು. ಬರೀ ಗೋಡೆಗಳ ನಡುವೆ ನಿಂತು ಮನೆ ಖಾಲಿಯಿಲ್ಲ ಎನ್ನುವುದು ಹೇಗೆ? ಸಂಜೆಯೊಳಗೆ ಹೊಸ ಬಾಡಿಗೆದಾರರು ಬಂದು ಕಿಟಕಿಗೆ ಪರದೆಯ ಅಳತೆ ತೆಗೆದುಕೊಂಡೂ ಹೋದರು.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ದೊಡ್ಡ ದೊಡ್ಡ ಸೂಟ್‌ಕೇಸುಗಳ ಸಮೇತ ಜಲಜಾಕ್ಷಿ ಇಳಿದಳು.

"ಹೇಳದೆ ಬಂದ್ರೆ ಖುಷಿಯಾಗ್ತದೆ ಅಂತ ಬಂದುಬಿಟ್ಟೆ. ಕಾರ್ಡ್ ಸಿಗುವ ತನಕ ಆ ದೇಶ ಬಿಟ್ಟು ಹೊರಡುವ ಹಾಗೇ ಇರ್ಲಿಲ್ಲ. ಈಗ ಮೂರು ತಿಂಗಳು ರಜೆ. ನಮ್ಮ ಮನೆಯಲ್ಲಿ ಕಾಲು ಚಾಚಿ..." ಎನ್ನುತ್ತ ಒಳಗೆ ಕಾಲಿಟ್ಟವಳಿಗೆ ತನ್ನ ದನಿಯೇ ತಿರುಗಿ ಕೇಳಿಸಿತು. "ಕಳ್ಳರು ಬಂದಿದ್ರಾ?"

"ಇಲ್ಲ, ನೆರೆಯವರು ಬಂದಿದ್ರು. ನಾನೂ ನಿನ್ನ ಜೊತೆ ಹೊರಡ್ತೇನಲ್ಲ ಅಂತ..."

"ನಿಮ್ಮ ವೀಸಾಕ್ಕೆ ಇನ್ನೂ ಒಂದೆರಡು ವರ್ಷವಾದ್ರೂ ಬೇಕು! ಕೆಲಸ?"

"ಬಿಟ್ಟೆ."

"ಈ ಮನೆ?"

"ಒಂದನೇ ತಾರೀಕಿಗೆ ಬೇರೆಯವರು ಬರ್ತಾರೆ."

"ಯಾರನ್ನು ಕೇಳಿ ಮಾಡಿದ್ರಿ?"

"ಎಲ್ಲರನ್ನೂ ಕೇಳಿದೆ."

"ನನ್ನೊಬ್ಬಳನ್ನು ಬಿಟ್ಟು!"

ಅಷ್ಟರಲ್ಲಿ ವೆಂಕಟಲಕ್ಷ್ಮಿ ಓಡಿಬಂದು ಜಲಜಾಕ್ಷಿಯ ಕೈ ಹಿಡಿದಳು. "ಖಾಲಿ ಮನೇಲಿ ಹೇಗಮ್ಮಾ ಇರ್ತೀಯ? ಮೇಲೆ ಬಾ, ನಮ್ಮಲ್ಲಿ ಎಲ್ಲಾ ಅನುಕೂಲ ಇದೆ." ಹೆಂಡತಿ ಹೋದಳು, ಹಿಂದೆಯೇ ಸೂಟ್‌ಕೇಸುಗಳೂ ಹೋದವು. ಸ್ವಲ್ಪ ಹೊತ್ತಿಗೆ ಮಹಡಿಯಿಂದ ಕಾಫಿಯ ಘಮ ಇಳಿದುಬಂತು.

"ಕಮಲಾಕರ್ ಸಾರ್, ಕಾಫಿ ಆಯ್ತು! ಬರುವಾಗ ನಿಮ್ಮದೊಂದು ಲೋಟ ತನ್ನಿ, ಇಲ್ಲಿ ಸಾಲ್ತಿಲ್ಲ."

ಕಮಲಾಕರ ಅಡುಗೆಮನೆಗೆ ಹೋಗಿ ಕತ್ತಲಲ್ಲಿ ಗೂಡುಗಳನ್ನೆಲ್ಲ ತಡಕಾಡಿದ. ಬಲ್ಬನ್ನೂ ಯಾರೋ ಬಿಚ್ಚಿಕೊಂಡು ಹೋಗಿದ್ದರು.