ತಾರಸಿಯ ಅಂಚಿನಲ್ಲಿ ಕುಣಿದ ಪರದೆಗಳ ಕುರಿತು

ಹನ್ನೊಂದನೆಯ ಮಹಡಿಯ ಕಿಟಕಿ ಪಕ್ಕದಲ್ಲಿ ಕುಳಿತು, ಮೊಬೈಲಿನಲ್ಲಿ ಒಂದು ಪರದೆ ಹೋಗಿ ಇನ್ನೊಂದು ಪರದೆ ಬರುವ ನಡುವಿನ ಗಳಿಗೆಯನ್ನು ಸಿಂಗರಿಸುವ ಮಾನ್ಯರೇ,

ತಮಗೆ ನಮಸ್ಕಾರ. ತಮ್ಮ ಮೇಜಿಗೂ, ಕುರ್ಚಿಗೂ, ಕುರ್ಚಿಯ ಚಕ್ರಗಳಿಗೂ ನಮಸ್ಕಾರ. ಅದೇ ಕಟ್ಟಡದ ಹೊರಮೈಯಲ್ಲಿ ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸುವವನು ನಾನು. ತಮ್ಮ ಕಚೇರಿಯ ಬಾಗಿಲಿನಿಂದಲೇ ಬಂದು ತಮ್ಮನ್ನು ಕಾಣಬಹುದಿತ್ತು, ಆದರೆ ಕಾವಲಿನವರು ಬಕೆಟ್ಟನ್ನು ಒಳಗೆ ಬಿಡುವುದಿಲ್ಲ, ಬಕೆಟ್ಟನ್ನು ಹೊರಗೆ ಬಿಟ್ಟು ಬರಲು ನನಗೆ ಧೈರ್ಯವಿಲ್ಲ. ಆದ್ದರಿಂದ ಈ ದೂರನ್ನು ಲಿಫ್ಟಿನ ಪಕ್ಕದ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ. ಇದರಲ್ಲಿ ಅರ್ಧ ತಮಗೆ ಗೊತ್ತಿರುವ ಸಂಗತಿಯೇ. ಆದರೂ ಬಹಿರಂಗ ಪತ್ರವೆಂದ ಮೇಲೆ ಲಿಫ್ಟಿಗೆ ಕಾಯುವವರಿಗೂ ತಲೆಬುಡ ತಿಳಿಯಬೇಕಲ್ಲ, ಮೊದಲಿನಿಂದಲೇ ಹೇಳುತ್ತೇನೆ. ಲಿಫ್ಟು ಬಂದವರು ಸಂಕೋಚವಿಲ್ಲದೆ ಹೊರಡಬಹುದು.

ನಮ್ಮ ಯಜಮಾನರಿಗೂ ತಮ್ಮ ಕಂಪನಿಯ ದೊಡ್ಡವರಿಗೂ ಇದೇ ಲಿಫ್ಟಿನಲ್ಲಿ ಪರಿಚಯವಾಗಿ, ಪರಿಚಯ ಬೆಳೆದು, ಅದರ ಫಲವಾಗಿ ತಮ್ಮ ಆ್ಯಪ್ ನಮ್ಮ ಕೈಗೆ ಬಂತು. ತಾರಸಿಯಿಂದ ಇಳಿಯುವ ಮುನ್ನ ಹಗ್ಗ ನೋಡಿದಿರಾ, ಕೊಂಡಿ ನೋಡಿದಿರಾ, ಸೊಂಟದ ಬೆಲ್ಟು ಬಿಗಿದಿದೆಯಾ ಎಂದು ಅದು ಒಂದೊಂದಾಗಿ ಕೇಳುತ್ತದೆ, ನಾವು ಒಂದೊಂದಕ್ಕೂ 'ಹೌದು' ಒತ್ತಬೇಕು. ಒಳ್ಳೆಯ ಏರ್ಪಾಡು, ತಕರಾರಿಲ್ಲ. ಆದರೆ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ತಾವು ತೋರಿಸಿದ ಔದಾರ್ಯವನ್ನು ಏನೆಂದು ಹೊಗಳಲಿ! ಹಗ್ಗದ ಪ್ರಶ್ನೆ ಬಲಗಡೆಯಿಂದ ಜಾರುಬಂಡೆ ಇಳಿದಂತೆ ಬರುತ್ತಿತ್ತು. ಕೊಂಡಿಯ ಪ್ರಶ್ನೆ ಮೇಲಕ್ಕೆಸೆದ ನಾಣ್ಯದಂತೆ ಗಿರಗಿರನೆ ತಿರುಗಿ ಎದುರಾಗುತ್ತಿತ್ತು. ಬೆಲ್ಟಿನದು ಹಾಲು ಉಕ್ಕಿದಂತೆ ಕೆಳಗಿನಿಂದ ಮೇಲೇರಿ, ಕುಪ್ಪಳಿಸಿ, ಇನ್ನೊಮ್ಮೆ ಕುಪ್ಪಳಿಸಿ ನಿಲ್ಲುತ್ತಿತ್ತು. ಎಲ್ಲಕ್ಕೂ ಹೌದೆಂದ ಮೇಲೆ 'ಇನ್ನು ಇಳಿಯಬಹುದು' ಎಂಬ ಪರದೆಗೆ ಜಾಗ ಬಿಡಲು ಹಳೆಯ ಪರದೆ, ಕಾಲಡಿಯ ನೆಲ ಕುಸಿದಂತೆ, ಆಳಕ್ಕೆ ಬೀಳುತ್ತಿತ್ತು. ಕಟ್ಟಡದ ಅಂಚಿನಲ್ಲಿ ನಿಂತಿರುವ ಮನುಷ್ಯನಿಗೆ ಬೀಳುವುದು ಹೇಗಿರುತ್ತದೆಂದು ಮುಂಚಿತವಾಗಿ ತೋರಿಸಿಕೊಡುವ ಆಲೋಚನೆ ತಮ್ಮನ್ನು ಬಿಟ್ಟರೆ ಬೇರೆ ಯಾರಿಗೆ ಹೊಳೆದೀತು?

ನಾನು ಹಗ್ಗದ ಮೇಲೆಯೇ ಅನ್ನ ತಿಂದವನು. ಗಾಳಿಗೆ ತೂಗಾಡಿದ್ದೇನೆ, ಹದ್ದೊಂದು ಬಂದು ಟೋಪಿ ಕಿತ್ತುಕೊಂಡು ಹೋದದ್ದೂ ಉಂಟು, ತಲೆ ತಿರುಗಿದ್ದು ಮಾತ್ರ ಇಲ್ಲ. ತಮ್ಮ ಆ್ಯಪ್ ಬಂದ ವಾರವೇ, ನಾಣ್ಯ ತಿರುಗುವ ಹೊತ್ತಿಗೆ ಕಣ್ಣು ಕತ್ತಲಿಟ್ಟು ನೀರಿನ ತೊಟ್ಟಿಗೆ ಒರಗಿ ಕೂತುಬಿಟ್ಟೆ. ನಮ್ಮ ಸೂಪರ್‌ವೈಸರ್ ಓಡಿಬಂದು, "ಹಗ್ಗದವನಿಗೆ ತಲೆ ತಿರುಗಿದ್ರೆ ಕತೆ ಮುಗೀತು, ನೀನು ಕೆಳಗೇ ಇರಪ್ಪ" ಎಂದು ಮುಂಬಾಗಿಲು ಒರೆಸುವ ಕೆಲಸಕ್ಕೆ ಹಾಕಿದರು. ನಮ್ಮ ಮುಂಬಾಗಿಲು ಯಾವುದೆಂದು ತಮಗೆ ಗೊತ್ತು: ಸುತ್ತುವ ಗಾಜಿನ ಬಾಗಿಲು. ತಲೆ ತಿರುಗುವವನಿಗೆ ತಿರುಗುವ ಬಾಗಿಲನ್ನೇ ಕೊಟ್ಟ ಅವರ ಕರುಣೆಗೂ ಇದೇ ಪತ್ರದಲ್ಲಿ ಒಂದು ನಮಸ್ಕಾರ ಸೇರಿಸಿಬಿಡುತ್ತೇನೆ.

ಸಂಜೆ ಮನೆಗೆ ಹೋದರೆ ಹೆಂಡತಿ, "ಏನ್ರೀ, ಆಕಾಶದಲ್ಲಿದ್ದಾಗ ನೆಟ್ಟಗಿದ್ರಿ, ನೆಲಕ್ಕೆ ಬಂದ್ಮೇಲೆ ಮುಖ ಯಾಕೆ ಜೋತುಬಿದ್ದಿದೆ?" ಎಂದಳು. ನಗಿಸಲೆಂದೇ ಕೇಳಿದ್ದು, ನಗು ಬರಲಿಲ್ಲ. ಹಗಲೆಲ್ಲ ಕತ್ತೆತ್ತಿದರೆ ನನ್ನ ಗಾಜುಗಳನ್ನು ಬೇರೆ ಯಾರೋ ಒರೆಸುತ್ತಿದ್ದರು. ಅವಳೇ ನನ್ನನ್ನು ಕಿವಿ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದಳು. ಅವರು ನನ್ನನ್ನು ಕುರ್ಚಿಯಲ್ಲಿ ಗರಗರ ತಿರುಗಿಸಿ, ಒಂಟಿ ಕಾಲಿನಲ್ಲಿ ನಿಲ್ಲಿಸಿ, ಕಿವಿಗೆ ಬೆಳಕು ಬಿಟ್ಟು ನೋಡಿ, "ಎಲ್ಲಾ ಸರಿಯಾಗೇ ಇದೆಯಲ್ಲ, ತಲೆ ಯಾವಾಗ ತಿರುಗುತ್ತೆ?" ಎಂದಾಗ ನಾನು ಫೋನನ್ನು ಅವರ ಕೈಗಿಟ್ಟೆ. ಕೊನೆಯ ಪರದೆ ಬೀಳುವಾಗ ಡಾಕ್ಟರಮ್ಮ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಕಣ್ಣು ಓಡ್ತಿದೀನಿ ಅನ್ನುತ್ತೆ, ಕಾಲು ನಿಂತಿದೀನಿ ಅನ್ನುತ್ತೆ, ಇಬ್ಬರ ಜಗಳದಲ್ಲಿ ತಲೆ ತಿರುಗುತ್ತೆ. ಕೆಲವರಿಗೆ ಹಾಗೆ. ಅದು ಕಾಯಿಲೆ ಅಲ್ಲ" ಎಂದು ಹೇಳಿ, ಎತ್ತರದ ಕೆಲಸಕ್ಕೆ ಅಡ್ಡಿಯಿಲ್ಲವೆಂದು ಚೀಟಿ ಕೊಟ್ಟರು.

ಸೂಪರ್‌ವೈಸರ್ ಚೀಟಿಯನ್ನು ಒಪ್ಪಿದರು, ಆದರೆ ಆ್ಯಪ್ ಒತ್ತದೆ ಹಗ್ಗ ಮುಟ್ಟುವಂತಿಲ್ಲ ಎಂದರು. ಅದಕ್ಕೆ ಹೆಂಡತಿಯೇ ಉಪಾಯ ಹೇಳಿದಳು: "ಅದು ಕುಣಿಯೋವಾಗ ಕಣ್ಣು ಮುಚ್ಕೊಳ್ಳಿ. ಮದುವೆ ಆದಾಗಿಂದ ನನ್ನ ಮಾತಿಗೆ ಕಿವಿ ಮುಚ್ಕೊಂಡಿಲ್ವಾ, ಹಾಗೇ."

ಹಾಗೆಯೇ ಮಾಡಿದೆ. ನನ್ನ ಜೊತೆ ಹಗ್ಗಕ್ಕೆ ಇಳಿಯುವವನು ಅವಳ ತಮ್ಮ, ನನ್ನ ಬಾಮೈದ. ಅವನಿಗೆ 'ಹೂಂ', 'ಉಹೂಂ' ಎರಡೇ ಮಾತು ಬರುವುದರಿಂದ ಕೆಲಸಗಾರರೆಲ್ಲ ಅವನನ್ನು ಹೂಂರಾಯ ಎನ್ನುತ್ತಾರೆ. ಹುಟ್ಟಿದಾಗ ಅತ್ತಿದ್ದೇ ಅವನ ದೊಡ್ಡ ಭಾಷಣ ಎಂದು ಅವನ ಅಕ್ಕನೇ ಹೇಳುತ್ತಾಳೆ. ಆ ಬೆಳಿಗ್ಗೆ ನಾನು ಕಣ್ಣು ಮುಚ್ಚಿಕೊಂಡು, ಕುಣಿತ ಇಷ್ಟರಲ್ಲಿ ಮುಗಿದಿರಬೇಕೆಂಬ ಅಂದಾಜಿನ ಮೇಲೆ ಹೌದು ಹೌದು ಎಂದು ಒತ್ತುತ್ತಾ ಹೋದೆ. ಬೆಲ್ಟಿನ ಪ್ರಶ್ನೆ ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಕಣ್ಣು ಬಿಟ್ಟಾಗ 'ಇನ್ನು ಇಳಿಯಬಹುದು' ಎಂದಿತ್ತು. ಅಂಚಿನ ಕಟ್ಟೆಯ ಮೇಲೆ ಕಾಲಿಟ್ಟೆ. ಹಿಂದಿನಿಂದ ಒಂದು ಕೈ ನನ್ನ ಕಾಲರನ್ನು ಹಿಡಿದು ಎಳೆಯಿತು.

"ಭಾವ, ಬಕ್ಕಲ್ ಹಾಕಿಲ್ಲ."

ಇಬ್ಬರೂ ತಾರಸಿಯ ಮೇಲೆ ಕೂತೆವು. ಅವನು ಬಹಳ ಹೊತ್ತು ನನ್ನ ಕಾಲರನ್ನು ಬಿಡಲಿಲ್ಲ. ಮಾನ್ಯರೇ, ಇಲ್ಲಿ ನನಗೆ ಹೊಗಳಿಕೆ ಯಾವುದೂ ತೋಚುತ್ತಿಲ್ಲ, ಕ್ಷಮಿಸಬೇಕು. ಮುಂದಿನ ಸಾಲಿನಿಂದ ಮತ್ತೆ ಶುರುಮಾಡುತ್ತೇನೆ.

ಮರುದಿನ ಹೂಂರಾಯ ನನ್ನ ಕೈಯಿಂದ ಫೋನು ಕಿತ್ತುಕೊಂಡ. "ಕಣ್ಣು ಮುಚ್ಚಿ. ನಾನು ಹೇಳ್ತೀನಿ" ಎಂದ. ಹೇಳತೊಡಗಿದ. "ಬಂತು ಭಾವ, ಜಾರ್ಕೊಂಡು ಬಂತು, ನಿಂತ್ಕೊಂತು. ಬಿಡಿ ಕಣ್ಣು. ಹಗ್ಗ ಎಳೆದು ನೋಡಿ. ಹಾಂ, ಮುಚ್ಚಿ. ಈಗ ತಿರುಗ್ತಿದೆ... ತಿರುಗ್ತಿದೆ... ಇನ್ನೂ ತಿರುಗ್ತಾನೇ ಇದೆ, ಇದಕ್ಕೇನು ಮನೆ ಮಠ ಇಲ್ವಾ?" ಒಂದೆರಡು ವಾರದಲ್ಲಿ ಅವನ ವರದಿಗೆ ಎಂಥ ರಂಗು ಬಂತೆಂದರೆ, ಪಕ್ಕದ ಹಗ್ಗದವರೂ ತಮ್ಮ ಬಕೆಟ್ಟು ಬದಿಗಿಟ್ಟು ಕೇಳಲು ನಿಲ್ಲುತ್ತಿದ್ದರು. ಕೊನೆಯ ಪರದೆ ಕುಸಿಯುವಾಗ ಅವನು ಎದೆಯ ಮೇಲೆ ಕೈಯಿಟ್ಟು, "ಅಯ್ಯೋ, ಬಿತ್ತಲ್ಲಪ್ಪ, ಪಾಪ, ಅದರ ಮನೆಯವರಿಗೆ ಹೇಳೋರ್ಯಾರು!" ಎನ್ನುತ್ತಿದ್ದ. ಅಕ್ಕನಿಗೆ ಈ ಸುದ್ದಿ ಹೇಳಿದರೆ ಅವಳು ನಂಬಲಿಲ್ಲ. "ನಮ್ಮನೆ ಹುಡುಗನಾ? ಇಷ್ಟುದ್ದ ಮಾತಾಡಿದ್ನಾ?" ಎಂದು ಒಂದು ಬೆಳಿಗ್ಗೆ ಫೋನಿನಲ್ಲಿ ಕೇಳಿಸಿಕೊಂಡು, ಕಣ್ಣೊರೆಸಿಕೊಂಡಳು.

ಇದೇ ದಿನಗಳಲ್ಲಿ ತಮ್ಮ ದರ್ಶನವಾಯಿತು. ಹನ್ನೊಂದನೆಯ ಮಹಡಿಯ ಗಾಜಿಗೆ ನೊರೆ ಬಳಿಯುತ್ತಿದ್ದವನಿಗೆ ಒಳಗೆ ದೊಡ್ಡ ಪರದೆಯ ಮೇಲೆ ನನ್ನ ಹಳೆಯ ವೈರಿ ಕಂಡಿತು. ತಾವು ಅದನ್ನು ಬೀಳಿಸುತ್ತಿದ್ದಿರಿ, ತಲೆ ಓರೆ ಮಾಡಿ ನೋಡುತ್ತಿದ್ದಿರಿ, ಏನೋ ಸರಿಪಡಿಸಿ ಮತ್ತೆ ಬೀಳಿಸುತ್ತಿದ್ದಿರಿ. ಮಗುವಿಗೆ ನಡೆಯಲು ಕಲಿಸುವ ತಾಯಿಯ ಮುಖದಲ್ಲಿ ಮಾತ್ರ ಅಷ್ಟು ತಾಳ್ಮೆಯನ್ನು ನಾನು ನೋಡಿದ್ದು. ಕೋಪ ಅರ್ಧಕ್ಕಿಳಿಯಿತು. ಆದರೂ ಗಾಜು ತಟ್ಟಿ, ನೊರೆಯ ಮೇಲೆ ಬೆರಳಿನಿಂದ 'ತಲೆ ತಿರುಗುತ್ತೆ' ಎಂದು ಬರೆದೆ. ಒಳಗಿನಿಂದ ಅದು ತಿರುಗುಮುರುಗಾಗಿ ಕಂಡು, ತಾವು ಫೋಟೋ ತೆಗೆದು, ಫೋನಿನಲ್ಲೇ ಮಗುಚಿ ಓದಿ, ನನಗೆ ಹಗ್ಗದ ಮೇಲೆಯೇ ತಲೆ ಸುತ್ತಿದೆಯೆಂದು ತಿಳಿದು ಕಚೇರಿಯನ್ನೆಲ್ಲ ಕೂಗಿ ಕರೆದಿರಿ. ನಾನು ಕೈಯಾಡಿಸಿ, ಅಲ್ಲ ಅಲ್ಲವೆಂದು ತಮ್ಮ ಪರದೆಯನ್ನು ತೋರಿಸಿದೆ.

ತಾವು ತಾರಸಿಗೆ ಹತ್ತಿ ಬಂದದ್ದನ್ನು ನಾನು ಮರೆಯಲಾರೆ. ಅಂಚಿನಿಂದ ಎಷ್ಟೋ ದೂರದಲ್ಲಿ, ಗಾಳಿಗೆ ಕೂದಲು ಹಾರುತ್ತಿರುವಾಗ, ನನ್ನ ಫೋನು ಹಿಡಿದು ತಮ್ಮದೇ ಪ್ರಶ್ನೆಗಳಿಗೆ ಹೌದು ಹೌದು ಎಂದಿರಿ. ಕೊನೆಯ ಪರದೆ ಬಿದ್ದ ಕೂಡಲೇ ನೆಲಕ್ಕೆ ಕುಸಿದು ನೀರಿನ ಪೈಪನ್ನು ತಬ್ಬಿಕೊಂಡಿರಿ. "ಅಯ್ಯೋ ದೇವರೇ, ನಾನು ಇದನ್ನ ಯಾವಾಗ್ಲೂ ಕುರ್ಚಿ ಮೇಲೆ ಕೂತೇ ನೋಡಿದ್ದು!" ಎಂದಿರಿ. ಹೂಂರಾಯನೇ ತಮಗೆ ನೀರು ಕೊಟ್ಟದ್ದು.

ಅಂದು ತಾರಸಿಯಲ್ಲೇ ಮಾತು ಕೊಟ್ಟಂತೆ ಮುಂದಿನ ಅಪ್‌ಡೇಟಿನಲ್ಲಿ ಎಲ್ಲವನ್ನೂ ನಿಲ್ಲಿಸಿದಿರಿ. ಈಗ ಒಂದು ಪ್ರಶ್ನೆ ಇರುತ್ತದೆ, ಒತ್ತಿದರೆ ಇನ್ನೊಂದು ಇರುತ್ತದೆ, ಅಷ್ಟೆ. ನನಗೆ ತಲೆ ತಿರುಗುವುದಿಲ್ಲ, ಬಕ್ಕಲನ್ನು ಕಣ್ಣಾರೆ ನೋಡಿ ಒತ್ತುತ್ತೇನೆ, ಇಂಥ ಉಪಕಾರಕ್ಕೆ ತಮ್ಮ ಕಿಟಕಿಯನ್ನು ನಾಲ್ಕು ಜನ್ಮ ಒರೆಸಿದರೂ ಸಾಲದು.

ಆದರೆ ದೂರು ಇರುವುದು ಇಲ್ಲೇ. ಅಪ್‌ಡೇಟ್ ಬಂದ ಬೆಳಿಗ್ಗೆ ಹೂಂರಾಯ ಫೋನು ಹಿಡಿದು, ಒತ್ತಿ, ಇನ್ನೊಮ್ಮೆ ಒತ್ತಿ, "ಹೂಂ" ಎಂದು ನನ್ನ ಕೈಗೆ ವಾಪಸು ಕೊಟ್ಟ. ಅವತ್ತಿನಿಂದ ತಾರಸಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನಿಲ್ಲ. ನನ್ನ ತಲೆಯನ್ನು ಸರಿಮಾಡಿದಿರಿ, ಅವನ ಬಾಯನ್ನು ಮತ್ತೆ ಹೊಲಿದಿರಿ. ಇದಕ್ಕೆ ಪರಿಹಾರವಾಗಿ, ನನ್ನ ಕಣ್ಣಿಗೆ ಬೀಳದಂತೆ ನನ್ನ ಬಾಮೈದನ ಕಣ್ಣಿಗೆ ಮಾತ್ರ ಕಾಣುವ ಒಂದು ಕುಣಿತವನ್ನು ದಯಪಾಲಿಸಬೇಕೆಂದೂ, ಅದು ಆಗದಿದ್ದರೆ ತಾವೇ ದಿನಾ ಬೆಳಿಗ್ಗೆ ತಾರಸಿಗೆ ಬಂದು ನಾಣ್ಯದಂತೆ ಗಿರಗಿರ ತಿರುಗಬೇಕೆಂದೂ ಕೋರಿ ಈ ಪತ್ರವನ್ನು ಬರೆಯಲು ಕೂತೆ.

ಬರೆದು ಮುಗಿಸುವ ಮೊದಲೇ ಒಂದು ಸಂಗತಿ ನಡೆಯಿತು, ಅದನ್ನೂ ಅರಿಕೆ ಮಾಡಿಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆ ತಡೆಯಲಾರದೆ, ಫೋನನ್ನು ಅವನ ಮುಂದೆ ಹಿಡಿದು ಸುಮ್ಮನೆ ಕಣ್ಣು ಮುಚ್ಚಿದೆ. "ಏನಾಗ್ತಿದೆ ನೋಡಪ್ಪ" ಎಂದೆ. ಏನೂ ಆಗುತ್ತಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ.

"ಬಂತು ಭಾವ," ಎಂದ ಆಮೇಲೆ. "ಈ ಸಲ ಹಡಗಲ್ಲಿ ಬಂತು."

ಆದ್ದರಿಂದ ಮೇಲಿನ ಕೋರಿಕೆಗಳನ್ನು ಹಿಂತೆಗೆದುಕೊಂಡು, ಇದನ್ನು ಓದಿದ ಹುರುಪಿನಲ್ಲಿ ತಾವು ಆ್ಯಪಿಗೆ ನಿಜವಾಗಿಯೂ ಹಡಗು ಹಾಕಿಬಿಡಬಾರದೆಂದು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ.

ಗಾಜಿನ ಆಚೆ ಬದಿಯಿಂದ,
ತಮ್ಮ ವಿಶ್ವಾಸಿ,
ಹಗ್ಗದವನು

ಮರೆತ ಮಾತು: ತಮ್ಮ ಕಿಟಕಿ ಕೊಳಕಾಗಿದೆಯೆಂದು ತಮ್ಮ ಕಚೇರಿಯಿಂದ ನಮ್ಮ ಯಜಮಾನರಿಗೆ ದೂರು ಹೋಗಿದೆಯಂತೆ. ಆ ಗುರುತು ಒಳಬದಿಯದು, ಹೊರಗೆ ನೋಡಲು ಗಾಜಿಗೆ ಒತ್ತಿದ ಮೂಗಿನ ಆಕಾರದ್ದು, ನನ್ನ ಮೂಗಿಗಿಂತ ಚಿಕ್ಕದು. ಒಳಬದಿ ನಮ್ಮ ಗುತ್ತಿಗೆಯಲ್ಲಿ ಬರುವುದಿಲ್ಲ.