ಸೂಪಿಗೊಂದು ತೂತು ಚಮಚ

ತಲೆ ಹೋದರೂ ಸರಿ, ಇವತ್ತು ಅಪ್ಪನ ಚಾಕುವಿನಲ್ಲೇ ಊಟ ಎಂದು ಹಿರಾಮ್ ಕಾಲ್ಬಿ ಕನ್ನಡಿಯ ಮುಂದೆ ನಿಂತು ಶಪಥ ಮಾಡಿದ. ಅಮೆರಿಕದ ಓಹಾಯೋದ ಒಂದು ಪಟ್ಟಣದಲ್ಲಿ ಕುದುರೆ ಜೀನು ಹೊಲಿದು ಮೇಲೆ ಬಂದವನು ಅವನು. ಅವನ ಅಪ್ಪ ಅಗಲ ಅಲಗಿನ ಚಾಕುವಿನ ಮೇಲೆ ಬಟಾಣಿಕಾಳನ್ನು ಸಾಲಾಗಿ ಕೂರಿಸಿ, ಒಂದೂ ಉರುಳದಂತೆ ಬಾಯಿಗೆ ಸಾಗಿಸುತ್ತಿದ್ದ. ಅಂಥ ವೀರವಂಶದ ಕುಡಿ ಫೋರ್ಕಿಗೆ ಶರಣಾಗುವುದೇ!

ರೈಲು ಬಂದ ಮೇಲೆ ಊರಿಗೆ ಬೆಳ್ಳಿ ಚಮಚ-ಫೋರ್ಕುಗಳ ಹುಚ್ಚು ಹಿಡಿದಿತ್ತು. ಹೆಂಡತಿ ಫಿಲೀನಾ ತರಿಸಿದ್ದ ಪೆಟ್ಟಿಗೆಯಲ್ಲಿ ಮೀನಿಗೊಂದು ಫೋರ್ಕ್, ಚಿಪ್ಪುಮೀನಿಗೊಂದು, ಐಸ್‌ಕ್ರೀಮಿಗೊಂದು. ಹಿಡಿಗಳ ಮೇಲೆಲ್ಲ ಹೂಬಳ್ಳಿ.

"ನಮ್ಮ ಕುದುರೆಗೂ ಇಷ್ಟು ಸರಂಜಾಮಿಲ್ಲ ಕಣೇ."

"ಕುದುರೆ ಜೊತೆ ಜಡ್ಜ್ ಹೆಂಡ್ತಿ ಊಟಕ್ಕೆ ಕೂರಲ್ಲ. ಮಿಸೆಸ್ ಥಾರ್ನ್‌ಡೈಕ್ ಇವತ್ತು ಮೆಚ್ಚಿದ್ರೆ ನನ್ನನ್ನ ಗುರುವಾರದ ಮಹಿಳಾ ಮಂಡಳಿಗೆ ಸೇರಿಸ್ಕೋತಾರೆ. ಇಲ್ಲಾಂದ್ರೆ ಸಾಯೋತನಕ ಕಿಟಕೀಲಿ ನಿಂತು ಅವರ ಸಾರೋಟು ಎಣಿಸ್ತಿರ್ಬೇಕು. ನಾನು ಏನು ಎತ್ಕೋತೀನೋ ಅದನ್ನೇ ಎತ್ಕೊಳ್ಳಿ, ಸಾಕು."

"ನನ್ನ ಮನೆ, ನನ್ನ ಬಾಯಿ. ಯಾರ ಕೈ ನೋಡ್ಕೊಂಡೂ ನಾನು ತಿನ್ನಲ್ಲ."

ಜಡ್ಜ್ ದಂಪತಿ ಬಂದರು. ಮೊದಲು ಸೂಪು ಬಂತು. ಫಿಲೀನಾಳ ಕೈ ಕಣ್ಣಿಗೆ ಬೀಳದಿರಲೆಂದು ಹಿರಾಮ್ ಬೇಕೆಂದೇ ಜಡ್ಜ್ ಕಡೆ ತಿರುಗಿ, ಕೈಗೆ ಸಿಕ್ಕಿದ ದೊಡ್ಡ ಚಮಚ ಎತ್ತಿ ಸೂಪಿಗೆ ಅದ್ದಿದ. ಬಾಯಿಗೆ ಬರುವಷ್ಟರಲ್ಲಿ ಚಮಚ ಖಾಲಿ, ಸೂಪೆಲ್ಲ ಕೋಟಿನ ಮೇಲೆ. ಸ್ಟ್ರಾಬೆರಿಗೆ ಸಕ್ಕರೆ ಉದುರಿಸಲು ಇಟ್ಟಿದ್ದ ತೂತಿನ ಚಮಚ ಅದು.

ಫಿಲೀನಾಳ ಮುಖ ಬಿಳಿಚಿಕೊಂಡಿತು.

"ಮಿಸ್ಟರ್ ಕಾಲ್ಬಿ, ಅದೇನದು?" ಎಂದರು ಮಿಸೆಸ್ ಥಾರ್ನ್‌ಡೈಕ್, ಹುಬ್ಬೇರಿಸಿ.

ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತೆನ್ನುತ್ತಿದ್ದರು. ಹಿರಾಮ್ ಮತ್ತೊಮ್ಮೆ ಅದ್ದಿದ. "ಇದಾ? ಸೂಪಿನ ಚಮಚ. ಸೋರಿದ್ರೇನೇ ಸಾರ! ನೀರೆಲ್ಲ ಇಳಿದು ರುಚಿ ಮಾತ್ರ ನಾಲಿಗೆಗೆ ಸಿಗುತ್ತೆ. ಬಾಸ್ಟನ್ನಲ್ಲಿ ಈಗ ಎಲ್ಲರೂ ಹೀಗೇ. ನಿಮ್ಮನೆಗಿನ್ನೂ ಬಂದಿಲ್ವೇನೋ."

ಇಡೀ ಊರಿಗೆ ಫ್ಯಾಷನ್ ಹಂಚುವ ಹೆಂಗಸಿಗೆ ಹೇಳುವ ಮಾತೇ ಇದು?

"ಬರದೆ ಏನು? ನಿಮಗೆ ಗೊತ್ತಿರುತ್ತೋ ಇಲ್ವೋ ಅಂತ ಸುಮ್ಮನಿದ್ದೆ" ಎಂದವರೇ, ಆಕೆ ಆಲಿವ್ ಕಾಯಿಯ ತಟ್ಟೆಯಲ್ಲಿದ್ದ ತೂತಿನ ಚಮಚ ಎಳೆದುಕೊಂಡು ಸೂಪಿಗೆ ಇಳಿಸಿದರು. ಆಕೆಯ ನೇರಳೆ ರೇಷ್ಮೆ ಗೌನಿನ ಮೇಲೆ ಸಣ್ಣಗೆ ಮಳೆ ಶುರುವಾಯಿತು. ಗಂಡನನ್ನು ದುರುಗುಟ್ಟಿ ನೋಡಿದರು. ಜಡ್ಜ್ ನಿಟ್ಟುಸಿರು ಬಿಟ್ಟು, ಟೊಮೆಟೊ ಬಡಿಸುವ ಜಾಲರಿ ಸೌಟಿಗೆ ಕೈಹಾಕಿದರು.

ಗೆದ್ದ ಅಮಲಿನಲ್ಲಿ ಹಿರಾಮ್ ಕಿಸೆಯಿಂದ ಅಪ್ಪನ ಚಾಕು ತೆಗೆದು ಬಟಾಣಿಯನ್ನೂ ತಿಂದ. ಯಾರೂ ನೋಡಲಿಲ್ಲ. ಎಲ್ಲರೂ ಮಡಿಲು ಒರೆಸಿಕೊಳ್ಳುತ್ತಿದ್ದರು.

ಫಿಲೀನಾ ಮಂಡಳಿ ಸೇರಿದಳು. ಮುಂದಿನ ವಾರ ಥಾರ್ನ್‌ಡೈಕ್ ಮನೆಯಲ್ಲಿ ಔತಣ. ಹಿರಾಮ್ ಮಧ್ಯಾಹ್ನದಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಹೋದ. ಅವನು ಪ್ರಾಣ ಬಿಡುವ ಚಿಪ್ಪುಮೀನಿನ ಸೂಪು ಬಂತು, ಬೆಣ್ಣೆ ತೇಲುತ್ತಾ, ಮೆಣಸು ಘಮಘಮಿಸುತ್ತಾ. ಪ್ರತಿ ತಟ್ಟೆಯ ಪಕ್ಕದಲ್ಲೂ ಫಳಫಳ ಹೊಳೆಯುವ ಹೊಸ ಚಮಚ. ಎಲ್ಲವೂ ತೂತಿನವು. ಬೇರೆ ಚಮಚ ಮೇಜಿನ ಮೇಲೆಲ್ಲೂ ಇಲ್ಲ.

"ಹೇಳಿ ಮಾಡಿಸಿದ್ದು" ಎಂದರು ಮಿಸೆಸ್ ಥಾರ್ನ್‌ಡೈಕ್, ಬೀಗುತ್ತಾ. "ನೀವೇ ಶುರು ಮಾಡಿ ಮಿಸ್ಟರ್ ಕಾಲ್ಬಿ. ಈ ಊರಲ್ಲಿ ಇದು ಸರಿಯಾಗಿ ಬರೋದು ನಮಗಿಬ್ಬರಿಗೇ."

ಹಿರಾಮನ ಕೈ ತಾನಾಗಿ ಕಿಸೆಗೆ ಹೋಯಿತು.

"ತೆಗೀರಿ" ಎಂದಳು ಫಿಲೀನಾ, ಪಿಸುದನಿಯಲ್ಲಿ. "ಸೂಪನ್ನ ನಿಮ್ಮಪ್ಪ ಚಾಕೂಲಿ ಹೇಗೆ ತಿಂತಿದ್ರು, ನಾನೂ ನೋಡ್ತೀನಿ."

"ಅಪ್ಪ ಬಟ್ಟಲೆತ್ತಿ ಕುಡೀತಿದ್ದ."

"ಎತ್ತಿ ಮತ್ತೆ."

ಎತ್ತುವ ಧೈರ್ಯ ಬರಲಿಲ್ಲ. ಹಿರಾಮ್ ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು, ಹೆಂಡತಿ ಏನು ಎತ್ತಿಕೊಳ್ಳುತ್ತಾಳೆಂದು ಓರೆಗಣ್ಣಿನಲ್ಲಿ ನೋಡಿದ. ಫಿಲೀನಾ ಒಂದು ಬ್ರೆಡ್ ತುಂಡು ಮುರಿದು, ಯಾರಿಗೂ ಕಾಣದಂತೆ ಸೂಪಿನಲ್ಲಿ ಅದ್ದಿದಳು.

ಅವನೂ ಅದನ್ನೇ ಎತ್ತಿಕೊಂಡ.